ಪರಿಶೀಲನಾ ಸಮಿತಿಯಿಂದ ಭೂನ್ಯಾಯ ಮಂಡಳಿಗೆ: ಕಾರವಾರ–ಅಂಕೋಲಾ ಗೇಣಿದಾರರ ಅಹವಾಲಿನ ಹಾದಿ

ಶಾಸನಸಭೆಯ ಚರಿತ್ರೆಯನ್ನು ಬರೆಯುವಾಗ ಸದನದ ಭಾಷಣಗಳಿಗೆ, ಮತದಾನಕ್ಕೆ, ಮಂತ್ರಿಮಂಡಲಗಳ ಏಳುಬೀಳಿಗೆ ಸಿಗುವ ಪ್ರಾಧಾನ್ಯ ಸಮಿತಿಗಳ ದೈನಂದಿನ ಕೆಲಸಕ್ಕೆ ಸಿಕ್ಕಿಲ್ಲ. ಮಸೂದೆಯನ್ನು ಖಂಡವಾರು ಓದಿ ತಿದ್ದುವ ಸಮಿತಿ ಒಂದು ತುದಿ. ಆ ಶಾಸನದ ಅಡಿಯಲ್ಲಿ ತಾಲೂಕು ಕೇಂದ್ರದಲ್ಲಿ ನಡೆಯುವ ವಿಚಾರಣೆ ಇನ್ನೊಂದು ತುದಿ. ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಗೇಣಿದಾರರ ಅನುಭವವನ್ನು ಆಧರಿಸಿ ಈ ಎರಡು ತುದಿಗಳ ಸಂಬಂಧವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡ ಜಿಲ್ಲೆಯ ಕರಾವಳಿಯಲ್ಲಿ ಉಳುವವನೇ ಬೇರೆ, ಖಾತೆಯ ಒಡೆಯನೇ ಬೇರೆ ಎಂಬ ಸ್ಥಿತಿ ವ್ಯಾಪಕವಾಗಿತ್ತು. ಶಾಶ್ವತ ಹಕ್ಕಿನ ಮೂಲಗೇಣಿದಾರರಿಗೆ ಒಂದಿಷ್ಟು ರಕ್ಷಣೆಯಿದ್ದರೂ, ಒಡೆಯನ ಇಚ್ಛೆಯ ಮೇಲೆ ನಿಂತ ಚಾಲಗೇಣಿಯ ಒಕ್ಕಲಿಗೆ ಅಂತಹ ಭದ್ರತೆಯಿರಲಿಲ್ಲ. ಗಜನಿಯ ಉಪ್ಪುನೀರಿಗೆ ಕಟ್ಟೆ ಕಟ್ಟಿ ಕಗ್ಗ ಭತ್ತ ಬೆಳೆಯುತ್ತಿದ್ದ ಕುಟುಂಬಗಳೂ ಇದಕ್ಕೆ ಹೊರತಾಗಿರಲಿಲ್ಲ. ಗೇಣಿಯ ಕರಾರು ಬಹುಮಟ್ಟಿಗೆ ಬಾಯಿಮಾತಿನದು. ಮುಂದಿನ ಎಲ್ಲ ಶಾಸನಗಳೂ ಎದುರಿಸಬೇಕಾಗಿದ್ದ ಪ್ರಶ್ನೆ ಇದೇ: ಕಾಗದವಿಲ್ಲದವನ ಮಾತು ಯಾರ ಮುಂದೆ ಸಾಕ್ಷ್ಯವಾಗುತ್ತದೆ?

ಮುಂಬಯಿ ಶಾಸನಸಭೆಯ 1939ರ ಗೇಣಿ ಕಾಯಿದೆ ಮೊದಲು ಕೆಲವೇ ಜಿಲ್ಲೆಗಳಿಗೆ ಅನ್ವಯಿಸಿ, 1946ರಲ್ಲಿ ಇಡೀ ಪ್ರಾಂತಕ್ಕೆ ವಿಸ್ತರಿಸಿತು. ಈ ನಡುವೆ ಅಂಕೋಲೆಯ ದಿನಕರ ದೇಸಾಯಿಯವರು ಜಿಲ್ಲೆಯ ರೈತರನ್ನು ಸಂಘಟಿಸಿ, 1940ರಲ್ಲಿ ಗಡೀಪಾರಿನ ಶಿಕ್ಷೆಗೆ ಒಳಗಾದರು. 1948ರ ಮುಂಬಯಿ ಗೇಣಿ ಮತ್ತು ಕೃಷಿಭೂಮಿ ಕಾಯಿದೆಯ ನಂತರ, 1956ರ ತಿದ್ದುಪಡಿಯು 1957ರ ಏಪ್ರಿಲ್ 1ನ್ನು ಗೇಣಿದಾರನೇ ಭೂಮಿಯ ಖರೀದಿದಾರನೆಂದು ಭಾವಿಸಬೇಕಾದ ದಿನವೆಂದು ನಿಗದಿಪಡಿಸಿತು. ಆದರೆ ಆ ದಿನಕ್ಕೆ ಐದು ತಿಂಗಳು ಮೊದಲು, 1956ರ ನವೆಂಬರ್ 1ರಂದು, ಜಿಲ್ಲೆ ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತ್ತು. ಖರೀದಿಯ ಆ ಖಂಡಗಳನ್ನು ಹೊಸ ರಾಜ್ಯ ಅಮಾನತಿನಲ್ಲಿಟ್ಟಿತು. ಕನ್ನಡನಾಡಿನ ಏಕೀಕರಣವನ್ನು ಹರ್ಷದಿಂದ ಸ್ವಾಗತಿಸಿದ ಜಿಲ್ಲೆಯ ಗೇಣಿದಾರನಿಗೆ ಭೂಮಿಯ ಹಕ್ಕು ಮಾತ್ರ ದೂರ ಸರಿಯಿತು.

ಅಮಾನತಿಗೆ ಕಾರಣವಿಲ್ಲದಿರಲಿಲ್ಲ. ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಮತ್ತು ಹಳೆಯ ಮೈಸೂರು ಪ್ರದೇಶಗಳ ಭಿನ್ನ ಗೇಣಿ ಕಾನೂನುಗಳನ್ನು ಏಕರೂಪಕ್ಕೆ ತರಬೇಕಾಗಿತ್ತು. ಇದಕ್ಕಾಗಿ 1957ರಲ್ಲಿ ಬಿ. ಡಿ. ಜತ್ತಿಯವರ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ವರದಿಯನ್ನು ಅನುಸರಿಸಿ 1958ರಲ್ಲಿ ಮಂಡಿತವಾದ ಭೂಸುಧಾರಣಾ ಮಸೂದೆ ಉಭಯ ಸದನಗಳ ಜಂಟಿ ಪರಿಶೀಲನಾ ಸಮಿತಿಗೆ ಹೋಯಿತು. ಇಂತಹ ಸಮಿತಿಯ ಕೆಲಸ ಸದನದ ಚರ್ಚೆಯಿಂದ ಭಿನ್ನವಾದುದು. ಮಸೂದೆಯ ತತ್ವವನ್ನು ಒಪ್ಪಿಕೊಂಡ ನಂತರ ಪ್ರತಿಯೊಂದು ಖಂಡದ ಪದಗಳನ್ನು ತೂಗಬೇಕು, ಮನವಿಗಳನ್ನು ಪರಾಮರ್ಶಿಸಬೇಕು, ಒಪ್ಪದ ಸದಸ್ಯರ ಭಿನ್ನಾಭಿಪ್ರಾಯ ಟಿಪ್ಪಣಿಯೊಡನೆ ವರದಿಯನ್ನು ಸದನಕ್ಕೆ ಒಪ್ಪಿಸಬೇಕು. ‘ಸ್ವಂತ ಸಾಗುವಳಿ’ ಎಂಬ ಒಂದು ಪದಪುಂಜದ ವ್ಯಾಖ್ಯೆಯ ಮೇಲೆ ಸಾವಿರಾರು ಒಕ್ಕಲುಗಳ ಅಳಿವು ಉಳಿವು ನಿಂತಿರುವಾಗ ಈ ಕೆಲಸ ನಿಧಾನವಾಗುವುದು ಸಹಜ. ಮಸೂದೆ 1961ರಲ್ಲಿ ಅಂಗೀಕಾರ ಪಡೆದು, 1962ರಲ್ಲಿ ರಾಷ್ಟ್ರಪತಿಗಳ ಅಂಕಿತಕ್ಕೆ ಪಾತ್ರವಾಗಿ, 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು.

ಈ ಕಾಯಿದೆಯಲ್ಲಿ ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿಯನ್ನು ಮರಳಿ ಪಡೆಯುವ ಅವಕಾಶ ಒಡೆಯನಿಗೆ ಉಳಿದಿತ್ತು. ಗೇಣಿಯ ವ್ಯಾಜ್ಯ ಮುನ್ಸೀಫ್ ನ್ಯಾಯಾಲಯದ ಮುಂದೆ ನಡೆಯಬೇಕಾಗಿತ್ತು. ಅಲ್ಲಿ ಸಾಕ್ಷ್ಯದ ನಿಯಮವೂ ವಕೀಲರ ಶುಲ್ಕವೂ ಬಾಯಿಮಾತಿನ ಗೇಣಿದಾರನಿಗೆ ಅನುಕೂಲವಾಗಿರಲಿಲ್ಲ.

ಡಿ. ದೇವರಾಜ ಅರಸು ಅವರ ಸರ್ಕಾರದ ತಿದ್ದುಪಡಿ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಾಗ ಬದಲಾದದ್ದು ಹಕ್ಕು ಮಾತ್ರವಲ್ಲ, ಅಹವಾಲು ಕೇಳುವ ವಿಧಾನವೂ ಬದಲಾಯಿತು. ಗೇಣಿ ಜಮೀನು ಆ ದಿನವೇ ಸರ್ಕಾರದಲ್ಲಿ ವಿಹಿತವಾಯಿತು. ಸಹಾಯಕ ಆಯುಕ್ತರ ಅಧ್ಯಕ್ಷತೆಯಲ್ಲಿ, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರ ಭೂನ್ಯಾಯ ಮಂಡಳಿಗಳು ತಾಲೂಕು ಮಟ್ಟದಲ್ಲಿ ರಚನೆಯಾದವು. ಸದಸ್ಯರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಅನೇಕ ತಾಲೂಕುಗಳಲ್ಲಿ ಶಾಸಕರೂ ಸದಸ್ಯರಾಗಿದ್ದರು. ಹೀಗೆ ಶಾಸನ ರಚಿಸುವವರೇ ಅದರ ವಿಚಾರಣೆಯಲ್ಲಿಯೂ ಕುಳಿತರು. ಆರಂಭದಲ್ಲಿ ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಮಂಡಳಿಯ ಕಾರ್ಯವಿಧಾನ ಸರಳವಾಗಿತ್ತು. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಡುತ್ತಿದ್ದ. ಒಡೆಯನಿಗೆ ನೋಟೀಸು ಹೋಗುತ್ತಿತ್ತು. ಪಹಣಿಯನ್ನೂ ಇದ್ದರೆ ಗೇಣಿ ಚೀಟಿಯನ್ನೂ ನೋಡಿ, ಅಕ್ಕಪಕ್ಕದ ಸಾಗುವಳಿದಾರರ ಹೇಳಿಕೆ ಪಡೆಯಬಹುದಿತ್ತು. ಕಟ್ಟೆಯ ಮಣ್ಣು ಹೊತ್ತವರು ಯಾರೆಂದು ನೆರೆಯವನಿಗೆ ಗೊತ್ತಿತ್ತು. ಆ ಅರಿವಿಗೆ ಮೊದಲ ಬಾರಿಗೆ ಬೆಲೆ ಬಂದಿತು. ತೀರ್ಪು ಅನುಕೂಲವಾದರೆ ನಮೂನೆ 10ರ ಅಧಿಭೋಗದಾರಿಕೆಯ ಪ್ರಮಾಣಪತ್ರ ದೊರೆಯುತ್ತಿತ್ತು. ಅರ್ಜಿಯ ಅವಧಿ ವಿಸ್ತರಣೆಗೊಳ್ಳುತ್ತ 1979ರ ಜೂನ್ 30ಕ್ಕೆ ಮುಗಿಯಿತು. ರಾಜ್ಯದಲ್ಲಿ ಸಲ್ಲಿಕೆಯಾದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಕರಾವಳಿ ಮತ್ತು ಮಲೆನಾಡು ಜಿಲ್ಲೆಗಳ ಪಾಲು ದೊಡ್ಡದು.

ಈ ವ್ಯವಸ್ಥೆಯ ದೋಷಗಳನ್ನು ಮರೆಯಲಾಗದು. ನಾಮಕರಣದಲ್ಲಿ ಆಡಳಿತ ಪಕ್ಷದ ಪ್ರಭಾವಕ್ಕೆ ಎಡೆಯಿತ್ತು. ಮೇಲ್ಮನವಿಗೆ ಅವಕಾಶವಿಲ್ಲದ್ದರಿಂದ ಅತೃಪ್ತರು ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ಅನೇಕ ಪ್ರಕರಣಗಳು ಮರುವಿಚಾರಣೆಗೆ ಹಿಂದಿರುಗಿದವು. 1986ರಲ್ಲಿ ಮೇಲ್ಮನವಿ ಪ್ರಾಧಿಕಾರಗಳು ಬಂದು, 1990ರಲ್ಲಿ ರದ್ದಾದವು. ಕೊನೆಯ ದಿನಾಂಕದೊಳಗೆ ಅರ್ಜಿ ಕೊಡದ ಒಕ್ಕಲು ಎಷ್ಟು ತಲೆಮಾರು ಉತ್ತಿದ್ದರೂ ಹಕ್ಕಿನಿಂದ ಹೊರಗುಳಿದ.

ಆ ಪ್ರಮಾಣಪತ್ರದ ಮಹತ್ವ ಬೇಗನೆ ಇನ್ನೊಂದು ಬಗೆಯಲ್ಲಿ ಪ್ರಕಟವಾಯಿತು. 1986ರ ಅಕ್ಟೋಬರ್‌ನಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಗಿ, ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಕರಾವಳಿ ಗ್ರಾಮಗಳು ಭೂಸ್ವಾಧೀನಕ್ಕೆ ಒಳಪಟ್ಟವು. ಭೂಮಿಯ ಪರಿಹಾರ ಹಕ್ಕುದಾಖಲೆಯನ್ನು ಅನುಸರಿಸುವಂಥದು. ಹನ್ನೆರಡು ವರ್ಷ ಹಿಂದೆ ಗೇಣಿದಾರನಾಗಿದ್ದವನು ಈಗ ಭೂಮಿ ಕಳೆದುಕೊಳ್ಳುವಾಗ ಒಡೆಯನಾಗಿ ನಿಲ್ಲಬಲ್ಲನೇ ಎಂಬುದು ಮಂಡಳಿಯ ಆದೇಶದ ಮೇಲೆ ಅವಲಂಬಿಸಿತ್ತು.

1957ರ ಏಪ್ರಿಲ್‌ನಿಂದ 1974ರ ಮಾರ್ಚ್‌ವರೆಗಿನ ಸುಮಾರು ಹದಿನೇಳು ವರ್ಷಗಳ ವಿಳಂಬವನ್ನು ಒಡೆಯರ ಪ್ರಭಾವ ಒಂದರಿಂದಲೇ ವಿವರಿಸಲಾಗದು. ಏಕರೂಪದ ಕಾನೂನಿನ ತೊಡಕೂ ಅದರಲ್ಲಿ ಸೇರಿತ್ತು. ಆದರೆ ಆ ಅವಧಿಯಲ್ಲಿ ಒಕ್ಕಲೆದ್ದು ಹೋದವರಿಗೆ ಮುಂದಿನ ಶಾಸನ ತಲುಪಿದ್ದು ತಡವಾಗಿ. ಆದ್ದರಿಂದ ಜಂಟಿ ಸಮಿತಿಯ ವರದಿ, ಭಿನ್ನಾಭಿಪ್ರಾಯ ಟಿಪ್ಪಣಿಗಳು ಮತ್ತು ತಾಲೂಕು ಮಂಡಳಿಯ ಕಡತಗಳನ್ನು ಬೇರೆ ಬೇರೆಯಾಗಿ ಓದದೆ ಒಂದೇ ದಾಖಲೆಯ ಭಾಗಗಳೆಂದು ಓದುವುದು ಸಂಶೋಧಕರಿಗೆ ಅಗತ್ಯ. ಸಮಿತಿಯಲ್ಲಿ ತಿದ್ದಿದ ಪದದ ನಿಜವಾದ ಅರ್ಥ ತಾಲೂಕಿನ ವಿಚಾರಣೆಯಲ್ಲಿ ತಿಳಿದುಬರುತ್ತದೆ.