ಮಲೆನಾಡಿನ ಬೆಳೆಯೂ ಪ್ರಯೋಗಕ್ಷೇತ್ರವೂ

ಬೇಲೂರು, ಹಳೆಯಬೀಡು, ಅರಸೀಕೆರೆಗಳು ಚರಿತ್ರೆಯ ವ್ಯಾಸಂಗಿಗಳಿಗೆ ದೇವಾಲಯಗಳ ಮೂಲಕವೇ ಪರಿಚಿತವಾದ ಊರುಗಳು. 1117ರ ಚೆನ್ನಕೇಶವಾಲಯ, ಕೆಲವೇ ವರ್ಷಗಳ ತರುವಾಯ ಆರಂಭವಾದ ಹೊಯ್ಸಳೇಶ್ವರಾಲಯ, 1220ರ ಅರಸೀಕೆರೆಯ ಈಶ್ವರಾಲಯ, ಇವುಗಳ ಶಿಲ್ಪವನ್ನು ಕುರಿತು ವಿದ್ವಾಂಸರು ವಿಪುಲವಾಗಿ ಬರೆದಿರುವರು. ಈ ನೆಲದ ಬೆಳೆಗಳ ಚರಿತ್ರೆಗಾದರೋ ಅಷ್ಟು ಗಮನ ದೊರೆತಿಲ್ಲ. ಈ ಸೀಮೆಯಲ್ಲಿ ಚಹಾ ಬೆಳೆಯ ಸಂಶೋಧನಾಲಯವೊಂದನ್ನು ಕಟ್ಟುವುದಾದರೆ, ಅದು ಸ್ಥಳದ ಜನರನ್ನು ಕೂಡಿಸಿಕೊಂಡು ಬಹುಕಾಲ ಬಾಳುವಂತೆ ರೂಪಿಸುವುದು ಹೇಗೆ? ಮೇಲುನೋಟಕ್ಕೆ ಇದು ಶಿಲ್ಪಿಗಳೂ ಕೃಷಿಶಾಸ್ತ್ರಜ್ಞರೂ ಉತ್ತರಿಸತಕ್ಕ ಪ್ರಶ್ನೆ. ಆದರೆ ಚರಿತ್ರೆಯು ಇದಕ್ಕೆ ಕೊಡುವ ಉತ್ತರವೂ ಉಂಟು. ಅದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಮೊದಲು ನೆಲದ ಮಾತು. ಅರಸೀಕೆರೆಯು ತೆಂಗಿನ ಬಯಲುಸೀಮೆ. ಹಳೆಯಬೀಡಿನದು ಕೆರೆಯನ್ನು ನೆಚ್ಚಿದ ಬೇಸಾಯ. ಬೇಲೂರಿನ ಪಡುವಣಕ್ಕೆ ಹೋದಂತೆ ಮಳೆ ಹೆಚ್ಚಿ ಕಾಫಿಯ ತೋಟಗಳು ಮೊದಲಾಗುವುವು. ಚಹಾಗಿಡವು ಹುಳಿಮಣ್ಣನ್ನೂ ಧಾರಾಳವಾದ ಮಳೆಯನ್ನೂ ಬಯಸುವುದರಿಂದ, ಹಾಸನದ ಜಿಲ್ಲೆಯಲ್ಲಿ ಅದು ಬೇರೂರಿದುದು ಸಕಲೇಶಪುರದ ತಾಲ್ಲೂಕಿನ ಕಾಡುಮನೆಯಂತಹ ಘಟ್ಟದಂಚಿನ ಸ್ಥಳದಲ್ಲಿಯೇ. ಅಸ್ಸಾಮಿನ ಟೊಕ್ಲಾಯಿಯಲ್ಲಿ 1911ರಲ್ಲಿಯೇ ಚಹಾ ಪ್ರಯೋಗಶಾಲೆ ಸ್ಥಾಪಿತವಾಯಿತು. ನಮ್ಮ ಮಲೆನಾಡಿನಲ್ಲಿ ಅದಕ್ಕೆ ಸಾಟಿಯಾದ ನಿದರ್ಶನವನ್ನು ಹುಡುಕುವವರು ಕಾಫಿಯ ಚರಿತ್ರೆಗೇ ಹೋಗಬೇಕು.

ಮಂಜರಾಬಾದಿನಲ್ಲಿ ಗ್ರೀನ್ ಎಂಬ ಆಂಗ್ಲೇಯರು 1843ರಲ್ಲಿ ತೋಟವನ್ನು ಆರಂಭಿಸಿದರು. ತರುವಾಯ ಬಂದ ಎಲಿಯಟ್ ಎಂಬ ತೋಟಗಾರರು 1894ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ನೆರಳುಮರಗಳನ್ನು ಕುರಿತು ವಿಸ್ತಾರವಾಗಿ ಬರೆದಿರುವರು. ಅಲ್ಲಿ ಕಬ್ಬಸರಿ, ಕರಿಬಸರಿ, ಗೋಣಿ, ಮಿಟ್ಲಿ ಮೊದಲಾದ ಕನ್ನಡದ ಹೆಸರುಗಳೇ ಆಂಗ್ಲ ಲಿಪಿಯಲ್ಲಿ ಬಂದಿರುವುದು ಭಾಷಾಭ್ಯಾಸಿಗಳು ಗಮನಿಸತಕ್ಕ ವಿಷಯ. ಹೆಸರು ಬಂದುದು ಯಾರ ಬಾಯಿಂದಲೋ ಮರದ ಗುಣದ ಅರಿವೂ ಬಹುಮಟ್ಟಿಗೆ ಅವರಿಂದಲೇ ಬಂದಿರಬೇಕೆಂದು ಊಹಿಸುವುದು ಅಸಂಗತವಾಗಲಾರದು.

ಎರಡನೆಯ ನಿದರ್ಶನವು ಅಡಕೆಯದು. ಕೆನಡಾ ದೇಶದವರಾದ ಡಾಕ್ಟರ್ ಲೆಸ್ಲಿ ಕೋಲ್ಮನ್ನರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು, ಮಲೆನಾಡಿನ ಕೊಳೆರೋಗವನ್ನು ಪರೀಕ್ಷಿಸಿ, 1910ರಲ್ಲಿ ಅದರ ಕಾರಣವಾದ ಶಿಲೀಂಧ್ರವನ್ನು ವಿವರಿಸಿದರು. ಅಡಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವ ಪದ್ಧತಿಯು ಒಕ್ಕಲುಗಳಲ್ಲಿ ಮೊದಲೇ ಇದ್ದಿತು. ಮಳೆಯ ತೇವಕ್ಕೂ ಕೊಳೆಗೂ ಇರುವ ಸಂಬಂಧವನ್ನು ಅವರು ಕಂಡುಕೊಂಡಿದ್ದರೆಂಬುದಕ್ಕೆ ಈ ಪದ್ಧತಿಯೇ ಸಾಕ್ಷಿ. ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಸಿಂಪಡಿಸುವ ಹೊಸ ಕ್ರಮವು ಹರಡಬೇಕಾದರೂ, ಮರವೇರಿ ಗೊನೆಯನ್ನು ಮುಟ್ಟಬಲ್ಲವನ ನೆರವಿಲ್ಲದೆ ಅದು ಸಾಗುವಂತಿರಲಿಲ್ಲ. ಕಾರಣವನ್ನು ಶಾಸ್ತ್ರವು ತಿಳಿಸಿತು. ಕೈಯನ್ನು ಕೊಟ್ಟುದು ಊರು.

ಮೂರನೆಯದೂ ಮುಖ್ಯವೂ ಆದ ನಿದರ್ಶನವು ಬಾಳೆಹೊನ್ನೂರಿನದು. ಸಿಂಹಳದಲ್ಲಿ 1869ರಲ್ಲಿ ಕಾಣಿಸಿಕೊಂಡ ಕಾಫಿಯ ಎಲೆರೋಗವು ದಕ್ಷಿಣ ಹಿಂದೂಸ್ಥಾನಕ್ಕೂ ವ್ಯಾಪಿಸಿ ತೋಟಗಳನ್ನು ಕ್ಷೀಣಗೊಳಿಸಿತು. ಸಿಂಹಳದವರು ಕಾಲಕ್ರಮದಲ್ಲಿ ಕಾಫಿಯನ್ನು ಬಿಟ್ಟು ಚಹಾಕ್ಕೆ ತಿರುಗಿದರು. ಮೈಸೂರಿನವರು ಕಾಫಿಯನ್ನೇ ಹಿಡಿದು ನಿಂತರು. ಈ ರೋಗದ ಪರಿಹಾರಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾದ ಸಂಶೋಧನಾ ಘಟಕವೊಂದು ಏರ್ಪಟ್ಟು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗಕ್ಷೇತ್ರವು ಸ್ಥಾಪಿತವಾಯಿತು. ಒಂದೇ ಎಲೆರೋಗದಲ್ಲಿ ಭಿನ್ನ ಭಿನ್ನ ಪ್ರಭೇದಗಳಿರುವುವೆಂದು 1932ರಲ್ಲಿ ಮೇಯ್ನ್ ಎಂಬ ವಿಜ್ಞಾನಿಗಳು ತೋರಿಸಿಕೊಟ್ಟುದು ಈ ಕ್ಷೇತ್ರದ ಕೆಲಸದಿಂದಲೇ. ಒಂದು ಕಾಲಕ್ಕೆ ರೋಗವನ್ನು ತಡೆದ ತಳಿಯು ಇನ್ನೊಂದು ಕಾಲಕ್ಕೆ ಏಕೆ ಸೋಲುವುದೆಂಬುದಕ್ಕೆ ಇದರಿಂದ ಉತ್ತರ ದೊರೆಯಿತು.

ಇಲ್ಲಿ ಒಂದು ಸಂಗತಿಯು ವಿಶೇಷವಾಗಿ ವಿಚಾರಾರ್ಹವಾಗಿದೆ. ಕೆಂಟ್ ಎಂಬ ತಳಿಯನ್ನು 1911ರ ಸುಮಾರಿನಲ್ಲಿ ದೊಡ್ಡೇನಗುಡ್ಡದ ತೋಟದಲ್ಲಿ ಗುರುತಿಸಿ ಬೇರ್ಪಡಿಸಿದವರು ಅದೇ ಹೆಸರಿನ ತೋಟಗಾರರು. ಪ್ರಯೋಗಕ್ಷೇತ್ರದವರು ತಾವು ಆರಿಸಿದ ಎಸ್. 288 ಎಂಬ ತಳಿಯನ್ನು ಈ ಕೆಂಟಿನೊಡನೆ ಸಂಕರಗೊಳಿಸಿ ಪಡೆದುದೇ ಎಸ್. 795. 1945-46ರಲ್ಲಿ ಬೆಳೆಗಾರರ ಕೈಸೇರಿದ ಈ ತಳಿಯು ಮುಂದೆ ದಶಕಗಳವರೆಗೆ ನಾಡಿನಲ್ಲಿ ವ್ಯಾಪಕವಾಗಿ ನಾಟಿಯಾಯಿತು. ತೋಟದ ಕಣ್ಣೂ ಪ್ರಯೋಗಶಾಲೆಯ ಲೆಕ್ಕವೂ ಕೂಡಿದಲ್ಲಿ ಹುಟ್ಟಿದ ಫಲವಿದು.

ಆದರೆ ಈ ಕಥೆಯಲ್ಲಿ ಒಂದು ಕೊರತೆಯನ್ನೂ ಮರೆಮಾಚಲಾಗದು. ತಳಿಗೆ ತೋಟದೊಡೆಯರ ಹೆಸರು ನಿಂತಿತು. ಸಸಿಯನ್ನು ನೆಟ್ಟು, ನೆರಳನ್ನು ಸವರಿ, ಹಣ್ಣನ್ನು ಬಿಡಿಸಿದ ಕೂಲಿಯವರ ಹೆಸರು ನಿಲ್ಲಲಿಲ್ಲ. ಅವರ ಅರಿವು ಬರವಣಿಗೆಗೆ ಬಾರದೆ, ಮರಗಳ ಹೆಸರುಗಳಂತೆ ಅಲ್ಲೊಂದು ಇಲ್ಲೊಂದು ಕುರುಹನ್ನು ಮಾತ್ರ ಉಳಿಸಿರುವುದು. ಹೊಸದಾಗಿ ಕಟ್ಟುವವರು ಮೊದಲು ತುಂಬಬೇಕಾದ ಕೊರತೆಯಿದು. ಚಹಾ ಬೆಳೆಯಲ್ಲಂತೂ ಯಾವ ಚಿಗುರು ಕುಯಿಲಿಗೆ ಬಂದಿತು, ಯಾವುದು ಬಲಿಯಿತು ಎಂಬುದನ್ನು ದಿನವೂ ನಿರ್ಣಯಿಸುವುದು ಕೊಯ್ಯುವವಳ ಬೆರಳು. ಆ ಬೆರಳಿನ ತಿಳಿವಳಿಕೆಗೆ ಸ್ಥಾನವಿಲ್ಲದ ಸಂಶೋಧನಾಲಯವು ಕಟ್ಟಡವಾಗಿ ಮಾತ್ರ ಉಳಿದೀತು.

ಇದಕ್ಕೆ ಮಾದರಿಯನ್ನು ಪರದೇಶದಿಂದ ತರಬೇಕಾಗಿಲ್ಲ. ಕೆರೆಯನ್ನು ಕಟ್ಟುವುದಕ್ಕೂ ಕಾಯುವುದಕ್ಕೂ ಬಿಟ್ಟ ಕಟ್ಟುಗೊಡಗೆ, ಬಿತ್ತುವಟ್ಟಗಳ ಮಾತು ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುತ್ತದೆ. ಕೆರೆಯನ್ನು ಅರಸನೋ ಅರಸಿಯೋ ಕಟ್ಟಿಸಿರಬಹುದು. ಅದು ಉಳಿದುದು ಹೂಳೆತ್ತುವವನಿಗೂ ಏರಿಯನ್ನು ಕಾಯುವವನಿಗೂ ಫಲದಲ್ಲಿ ಪಾಲಿದ್ದುದರಿಂದ. ಅರಸೀಕೆರೆಯೆಂಬ ಹೆಸರಿನಲ್ಲಿಯೇ ಈ ನೀತಿಯ ಅರ್ಧವಿದೆ, ಉಳಿದರ್ಧವು ಶಾಸನಗಳಲ್ಲಿದೆ. ವಿದ್ಯಾಲಯಕ್ಕೂ ಇದೇ ನ್ಯಾಯ ಸಲ್ಲುವುದು. ಅದನ್ನು ಯಾರಾದರೂ ಕಟ್ಟಿಸಲಿ. ಪಾಲುಗಾರರು ಊರಿನವರಾಗಿದ್ದರೆ ಮಾತ್ರ ಅದು ಬಾಳುವುದು.