ಮಾಲ್ಟ್ ಸಾರದ ಬಿಯರ್ ಕಿಟ್

ಮಾಲ್ಟ್ ಸಾರದ ಬಿಯರ್ ಕಿಟ್ ಎಂದರೆ ಮನೆಯಲ್ಲಿ ಬಿಯರ್ ತಯಾರಿಸುವವರಿಗಾಗಿ ಸಿದ್ಧಪಡಿಸಿದ, ಬಾರ್ಲಿ ಮಾಲ್ಟಿನ ಗಟ್ಟಿ ಪಾಕವನ್ನೂ ಒಂದು ಪೊಟ್ಟಣ ಒಣ ಯೀಸ್ಟನ್ನೂ ಒಳಗೊಂಡ ಡಬ್ಬಿ. ಬಿಯರಿಗೆ ಬೇಕಾದ ಹಾಪ್ಸ್ ಹೂವಿನ ಕಹಿಯನ್ನು ಪಾಕಕ್ಕೆ ಕಾರ್ಖಾನೆಯಲ್ಲಿಯೇ ಸೇರಿಸಿರುತ್ತಾರೆ. ಆದ್ದರಿಂದ ಧಾನ್ಯವನ್ನು ಬಿಸಿನೀರಿನಲ್ಲಿ ನೆನೆಸುವ, ಸೋಸುವ, ಗಂಟೆಗಟ್ಟಲೆ ಕುದಿಸುವ ಕೆಲಸಗಳಿಲ್ಲದೆ, ಪಾಕವನ್ನು ನೀರಿನಲ್ಲಿ ಕರಗಿಸಿ ಹುದುಗಲು ಬಿಟ್ಟರೆ ಸುಮಾರು ಒಂದು ತಿಂಗಳಲ್ಲಿ ಬಿಯರ್ ಕುಡಿಯಲು ಸಿದ್ಧವಾಗುತ್ತದೆ. ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಲ್ಲಿ ಮನೆ ಬಿಯರ್ ತಯಾರಿಕೆಯ ಮೊದಲ ಮೆಟ್ಟಿಲು ಸಾಮಾನ್ಯವಾಗಿ ಇದೇ ಆಗಿದೆ. 1970 ಮತ್ತು 80ರ ದಶಕಗಳಲ್ಲಿ ಈ ಕಿಟ್‌ಗಳಿಗೆ ‘ಅಗ್ಗ, ಆದರೆ ರುಚಿಯಿಲ್ಲ’ ಎಂಬ ಅಪಖ್ಯಾತಿ ಅಂಟಿಕೊಂಡಿತು. ಆಗ ಈ ಹವ್ಯಾಸವನ್ನು ಕೈಬಿಟ್ಟು ವರ್ಷಗಳ ನಂತರ ಮರಳುವವರು ಅದೇ ಅನುಮಾನದೊಂದಿಗೆ ಡಬ್ಬಿ ತೆರೆಯುತ್ತಾರೆ. ಆದರೆ ಆ ದೋಷದ ಬಹುಪಾಲು ಸಾರದಲ್ಲಿರಲಿಲ್ಲ, ಅದನ್ನು ಬಳಸಿದ ರೀತಿಯಲ್ಲಿತ್ತು.

ಮಾಲ್ಟ್ ಸಾರ

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಬಲಿಯುವ ಮೊದಲೇ ಬಿಸಿಗಾಳಿಯಲ್ಲಿ ಒಣಗಿಸಿದರೆ ಮಾಲ್ಟ್ ಆಗುತ್ತದೆ. ಮಾಲ್ಟನ್ನು ಜಜ್ಜಿ 62ರಿಂದ 68 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದ ನೀರಿನಲ್ಲಿ ಸುಮಾರು ಒಂದು ಗಂಟೆ ಇಟ್ಟಾಗ, ಅದರಲ್ಲಿರುವ ಅಮೈಲೇಸ್ ಕಿಣ್ವಗಳು ಕಾಳಿನ ಪಿಷ್ಟವನ್ನು ಮಾಲ್ಟೋಸ್ ಮೊದಲಾದ ಸಕ್ಕರೆಗಳಾಗಿ ಒಡೆಯುತ್ತವೆ. ಸೋಸಿದಾಗ ಸಿಗುವ ಸಿಹಿ ದ್ರವಕ್ಕೆ ವರ್ಟ್ ಎಂದು ಹೆಸರು. ಧಾನ್ಯದಿಂದಲೇ ಬಿಯರ್ ಮಾಡುವವರಿಗೆ ಈ ಹಂತದಿಂದ ಕುದಿಸಿ ತಣಿಸುವವರೆಗೆ ಅರ್ಧ ದಿನವೇ ಹಿಡಿಯುತ್ತದೆ. ಸಾರ ತಯಾರಕರು ವರ್ಟನ್ನು ನಿರ್ವಾತದಲ್ಲಿ, ಅಂದರೆ ನೀರಿನ ಕುದಿಬಿಂದುವನ್ನು ಇಳಿಸಿ, ಇಂಗಿಸುತ್ತಾರೆ. ನೀರಿನಂಶ ಶೇ. 20ರ ಆಸುಪಾಸಿಗೆ ಬಂದಾಗ ಅದು ಜೋನಿಬೆಲ್ಲದ ಹದವನ್ನೂ ಬಹುಮಟ್ಟಿಗೆ ಅದರ ಬಣ್ಣವನ್ನೂ ಪಡೆಯುತ್ತದೆ. ಸಂಪೂರ್ಣವಾಗಿ ಒಣಗಿಸಿದರೆ ಪುಡಿ ಸಾರವಾಗುತ್ತದೆ.

ಮಾಲ್ಟ್ ಸಾರ ಬಿಯರಿಗೆಂದೇ ಹುಟ್ಟಿದ ವಸ್ತುವಲ್ಲ. ಬ್ರೆಡ್, ಬಿಸ್ಕತ್ತು ಮತ್ತು ಮಿಠಾಯಿಗಳಲ್ಲಿ ಅದರ ಬಳಕೆಯಿದೆ. ಬ್ರಿಟನ್ನಿನಲ್ಲಿ ಕಾಡ್ ಮೀನಿನೆಣ್ಣೆಯೊಂದಿಗೆ ಬೆರೆಸಿ ಮಕ್ಕಳಿಗೆ ಟಾನಿಕ್ಕಾಗಿ ಕೊಡುತ್ತಿದ್ದರು. ಭಾರತದ ಮನೆಗಳಿಗೆ ಅದು ಪರಿಚಿತವಾಗಿರುವುದು ಬೋರ್ನ್‌ವಿಟಾದಂತಹ ಪಾನೀಯ ಪುಡಿಗಳ ಮೂಲಕ.

ಇತಿಹಾಸ

ಬ್ರಿಟನ್ನಿನಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ 1880ರಲ್ಲಿ ಮಾಲ್ಟಿನ ಮೇಲಿದ್ದ ತೆರಿಗೆಯನ್ನು ರದ್ದುಪಡಿಸಿ ಬಿಯರಿನ ಮೇಲೆಯೇ ಸುಂಕ ವಿಧಿಸಿದರು. ಅದರ ಜೊತೆಗೆ ಮನೆಯಲ್ಲಿ ಬಿಯರ್ ಮಾಡುವವರೂ ಪರವಾನಗಿ ಪಡೆಯಬೇಕಾಯಿತು. 1963ರಲ್ಲಿ ಹಣಕಾಸು ಸಚಿವ ರೆಜಿನಾಲ್ಡ್ ಮಾಡ್ಲಿಂಗ್ ಈ ನಿಬಂಧನೆಯನ್ನು ತೆಗೆದುಹಾಕಿದರು. ಮಾರಾಟ ಮಾಡದೆ ಸ್ವಂತಕ್ಕೆ ಬಳಸುವ ಬಿಯರಿಗೆ ಅಂದಿನಿಂದ ಅಲ್ಲಿ ಪರವಾನಗಿಯೂ ಇಲ್ಲ, ಸುಂಕವೂ ಇಲ್ಲ. ಕೆಲವೇ ವರ್ಷಗಳಲ್ಲಿ ಬೂಟ್ಸ್‌ನಂತಹ ಔಷಧ ಅಂಗಡಿ ಸರಣಿಗಳೂ ಕಿಟ್‌ಗಳನ್ನು ಮಾರತೊಡಗಿದವು. ಪಬ್ಬಿನ ಬಿಯರಿನ ಬೆಲೆಯ ಅಲ್ಪ ಭಾಗಕ್ಕೆ ಮನೆಯಲ್ಲಿಯೇ ಬಿಯರ್ ಸಿಗುತ್ತದೆ ಎಂಬುದೇ ಆಗಿನ ಮುಖ್ಯ ಆಕರ್ಷಣೆ. ರುಚಿಯನ್ನು ಅರಸಿದವರು ಬೇರೆ ದಾರಿ ಹಿಡಿದರು. ಡೇವಿಡ್ ಲೈನ್ ಅವರ ‘ದ ಬಿಗ್ ಬುಕ್ ಆಫ್ ಬ್ರೂಯಿಂಗ್’ (1974) ಹಲವರನ್ನು ಧಾನ್ಯದಿಂದಲೇ ಬಿಯರ್ ಮಾಡುವ ವಿಧಾನದತ್ತ ಸೆಳೆಯಿತು.

ಅಮೆರಿಕದಲ್ಲಿ ಸಾರದ ಕಥೆ ಪಾನನಿಷೇಧದ ಕಾಲಕ್ಕೆ (1920–1933) ಸೇರಿದ್ದು. ಆ್ಯನ್‌ಹೈಸರ್-ಬುಷ್, ಪ್ಯಾಬ್ಸ್ಟ್ ಮೊದಲಾದ ಬಿಯರ್ ಕಂಪನಿಗಳು ಆಗ ಮಾಲ್ಟ್ ಪಾಕವನ್ನು ಬೇಕರಿ ಪದಾರ್ಥವೆಂದು ಮಾರಿದವು. ಕೆಲವು ಡಬ್ಬಿಗಳಲ್ಲಿ ಹಾಪ್ಸ್ ಕೂಡ ಬೆರೆತಿರುತ್ತಿತ್ತು. ಹಾಪ್ಸ್‌ನ ಕಹಿಯಿರುವ ಪಾಕದಿಂದ ಎಂಥ ಬ್ರೆಡ್ ಆಗುತ್ತದೆಂದು ಮಾರುವವರೂ ಕೊಳ್ಳುವವರೂ ಕೇಳಿಕೊಳ್ಳಲಿಲ್ಲ. ನಿಷೇಧ ತೆರವಾದ ಮೇಲೂ ಮನೆ ಬಿಯರಿಗೆ ಒಕ್ಕೂಟದ ಮಾನ್ಯತೆ ದೊರೆತದ್ದು ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರ ಅಕ್ಟೋಬರ್‌ನಲ್ಲಿ ಮಸೂದೆಗೆ ಸಹಿ ಹಾಕಿದ ನಂತರವೇ. ವರ್ಷಕ್ಕೆ ಒಬ್ಬ ವಯಸ್ಕರಿರುವ ಮನೆಗೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿರುವ ಮನೆಗೆ 200 ಗ್ಯಾಲನ್ ಎಂಬ ಮಿತಿಯನ್ನು ಅದು ವಿಧಿಸಿತು. ಮಿಸಿಸಿಪ್ಪಿ ಮತ್ತು ಅಲಬಾಮ ರಾಜ್ಯಗಳು 2013ರವರೆಗೆ ಅನುಮತಿ ನೀಡಿರಲಿಲ್ಲ.

ಆಸ್ಟ್ರೇಲಿಯದಲ್ಲಿ ಅಡಿಲೇಡ್ ನಗರದ ಕೂಪರ್ಸ್ ಎಂಬ ಬಿಯರ್ ಕಂಪನಿಯೇ ಕಿಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುತ್ತದೆ. ಅದರ 1.7 ಕಿಲೋಗ್ರಾಂ ಡಬ್ಬಿಯಿಂದ 23 ಲೀಟರ್ ಬಿಯರ್ ಎಂಬ ಲೆಕ್ಕ ಅನೇಕ ದೇಶಗಳಲ್ಲಿ ಪರಿಚಿತವಾಗಿದೆ.

ತಯಾರಿಸುವ ವಿಧಾನ

ಬಿಸಿನೀರಿನಲ್ಲಿ ಡಬ್ಬಿಯನ್ನು ಸ್ವಲ್ಪ ಹೊತ್ತು ಇಟ್ಟರೆ ಪಾಕ ಸಡಿಲವಾಗುತ್ತದೆ. ಶುಚಿಗೊಳಿಸಿದ ಮುಚ್ಚಳದ ಬಕೆಟ್ಟಿಗೆ ಅದನ್ನು ಸುರಿದು, ಎರಡು ಮೂರು ಲೀಟರ್ ಕುದಿನೀರಿನಲ್ಲಿ ಕರಗಿಸಿ, ಸಕ್ಕರೆ ಅಥವಾ ಪುಡಿ ಸಾರ ಸೇರಿಸಿ, ತಣ್ಣೀರಿನಿಂದ 23 ಲೀಟರಿಗೆ ತುಂಬಿಸುತ್ತಾರೆ. ಉಷ್ಣಾಂಶ 20 ಡಿಗ್ರಿಯ ಆಸುಪಾಸಿಗೆ ಬಂದ ಮೇಲೆ ಯೀಸ್ಟನ್ನು ಉದುರಿಸಿ ಮುಚ್ಚಬೇಕು. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ.

ಸಕ್ಕರೆ ಎಷ್ಟು ಖರ್ಚಾಯಿತೆಂದು ಹೈಡ್ರೋಮೀಟರ್ ತಿಳಿಸುತ್ತದೆ. ಆರಂಭದಲ್ಲಿ 1.040 ಇದ್ದ ಸಾಪೇಕ್ಷ ಸಾಂದ್ರತೆ ಕೊನೆಯಲ್ಲಿ 1.008ಕ್ಕೆ ಇಳಿದರೆ, ವ್ಯತ್ಯಾಸವನ್ನು 131 ರಿಂದ ಗುಣಿಸಿದಾಗ ಆಲ್ಕೋಹಾಲ್ ಪ್ರಮಾಣ ಸುಮಾರು ಶೇ. 4.2 ಎಂದು ಸಿಗುತ್ತದೆ. ಆಮೇಲೆ ತಳದ ಮಡ್ಡಿ ಕಲಕದಂತೆ ಸೀಸೆಗಳಿಗೆ ಇಳಿಸಿ, ಲೀಟರಿಗೆ 6ರಿಂದ 8 ಗ್ರಾಂ ಸಕ್ಕರೆ ಹಾಕಿ ಮುಚ್ಚಿದರೆ, ಉಳಿದ ಯೀಸ್ಟ್ ಆ ಸಕ್ಕರೆಯನ್ನೂ ತಿಂದು ಎರಡು ವಾರಗಳಲ್ಲಿ ನೊರೆಗೆ ಬೇಕಾದ ಅನಿಲವನ್ನು ಒದಗಿಸುತ್ತದೆ.

ಅಪಖ್ಯಾತಿಯ ಕಾರಣಗಳು

ಹಳೆಯ ಕಿಟ್ ಬಿಯರಿನ ವಿಶಿಷ್ಟ ಅಡ್ಡರುಚಿಯನ್ನು ಹಲವರು ಸಾರದ ಸಹಜ ಗುಣವೆಂದೇ ಭಾವಿಸಿದ್ದರು. ಆದರೆ ಅದರ ಹಿಂದೆ ಒಂದಲ್ಲ, ಹಲವು ಕಾರಣಗಳಿವೆ.

ಮೊದಲನೆಯದು ಸಕ್ಕರೆ. ಡಬ್ಬಿಯ ಮೇಲಿನ ಸೂಚನೆಯಂತೆ 1.7 ಕಿಲೋಗ್ರಾಂ ಪಾಕಕ್ಕೆ ಒಂದು ಕಿಲೋಗ್ರಾಂ ಬಿಳಿ ಸಕ್ಕರೆ ಹಾಕಿದರೆ, ವರ್ಟಿನ ಸಾಂದ್ರತೆಯಲ್ಲಿ ಶೇ. 40ಕ್ಕೂ ಹೆಚ್ಚು ಪಾಲು ಸಕ್ಕರೆಯದೇ ಆಗುತ್ತದೆ. ಸಕ್ಕರೆ ಪೂರ್ಣವಾಗಿ ಹುದುಗಿ ಆಲ್ಕೋಹಾಲಾಗುತ್ತದೆಯೇ ಹೊರತು ರುಚಿಯನ್ನಾಗಲಿ ಮೈಯನ್ನಾಗಲಿ ಉಳಿಸುವುದಿಲ್ಲ. ಬಿಯರ್ ನೀರುನೀರಾಗುತ್ತದೆ. ಆ ಸಕ್ಕರೆಯ ಬದಲು ಒಂದು ಕಿಲೋಗ್ರಾಂ ಪುಡಿ ಸಾರ ಹಾಕುವುದು, ಇಲ್ಲವೇ ಸಕ್ಕರೆಯೇ ಬೇಡದ ಎರಡು ಡಬ್ಬಿಯ ಕಿಟ್ ಕೊಳ್ಳುವುದು, ಒಟ್ಟು ವಿಧಾನದಲ್ಲಿ ಮಾಡಬಹುದಾದ ಅತಿ ದೊಡ್ಡ ಸುಧಾರಣೆ. ಖರ್ಚು ಹೆಚ್ಚುತ್ತದೆ ಎಂಬುದು ನಿಜ. ಆದರೆ ಉಳಿತಾಯಕ್ಕಾಗಿ ಮಾಡಿದ ಬಿಯರನ್ನು ಯಾರೂ ಕುಡಿಯದಿದ್ದರೆ ಆ ಉಳಿತಾಯಕ್ಕೆ ಅರ್ಥವಿಲ್ಲ.

ಎರಡನೆಯದು ಸಾರದ ವಯಸ್ಸು. ಪಾಕ ಡಬ್ಬಿಯಲ್ಲಿದ್ದಷ್ಟು ಕಾಲವೂ ಅದರ ಸಕ್ಕರೆ ಮತ್ತು ಅಮೈನೋ ಆಮ್ಲಗಳು ನಿಧಾನವಾಗಿ ವರ್ತಿಸುತ್ತಲೇ ಇರುತ್ತವೆ. ರೊಟ್ಟಿ ಕೆಂಪಾಗುವುದಕ್ಕೆ ಕಾರಣವಾದ ಮೇಲಾರ್ಡ್ ಕ್ರಿಯೆಯೇ ಇದು. ಬಿಸಿಲಿನ ಅಂಗಡಿಯ ಕಪಾಟಿನಲ್ಲಿ ವರ್ಷಗಟ್ಟಲೆ ಕುಳಿತ ಪಾಕ ಕಪ್ಪಾಗಿ, ಮಾಡಿದ ಬಿಯರಿಗೆ ಸುಟ್ಟ ಸಕ್ಕರೆಯ ಛಾಯೆಯನ್ನೂ ಒಂದು ಬಗೆಯ ಒಗರನ್ನೂ ಕೊಡುತ್ತದೆ. ಪುಡಿ ಸಾರದಲ್ಲಿ ನೀರಿನಂಶ ಬಹಳ ಕಡಿಮೆಯಿರುವುದರಿಂದ ಅದು ಇದಕ್ಕಿಂತ ಚೆನ್ನಾಗಿ ಬಾಳುತ್ತದೆ.

ಮೂರನೆಯದು ಯೀಸ್ಟ್ ಮತ್ತು ಉಷ್ಣಾಂಶ. ಕಿಟ್‌ನ ಮುಚ್ಚಳದಡಿಯ ಪೊಟ್ಟಣದಲ್ಲಿ ಸಾಮಾನ್ಯವಾಗಿ 5ರಿಂದ 7 ಗ್ರಾಂ ಯೀಸ್ಟ್ ಇರುತ್ತದೆ. ಅದೂ ಡಬ್ಬಿಯೊಂದಿಗೇ ಹಳತಾಗುತ್ತದೆ. ಬ್ರಿಟಿಷ್ ಮನೆಗಳಲ್ಲಿ ಬಕೆಟ್ಟನ್ನು ಬಿಸಿನೀರಿನ ಹಂಡೆಯಿರುವ, ಬಟ್ಟೆ ಒಣಗಿಸುವ ಕಪಾಟಿನೊಳಗೆ ಇಡುವ ರೂಢಿಯಿತ್ತು. ಯೀಸ್ಟಿಗೆ ಬೆಚ್ಚಗಿನ ಜಾಗ ಬೇಕೆಂಬ ತಿಳುವಳಿಕೆ ಅದು. ಆದರೆ 25 ಡಿಗ್ರಿ ಮೀರಿದರೆ ಬಹುತೇಕ ಬಿಯರ್ ಯೀಸ್ಟ್‌ಗಳು ಗಂಟಲು ಸುಡುವ ಭಾರದ ಆಲ್ಕೋಹಾಲ್‌ಗಳನ್ನೂ ವಿಪರೀತ ಹಣ್ಣಿನ ವಾಸನೆಯನ್ನೂ ಉಂಟುಮಾಡುತ್ತವೆ. ಹುದುಗುವಿಕೆಯೇ ಶಾಖ ಹುಟ್ಟಿಸುವುದರಿಂದ ಬಕೆಟ್ಟಿನೊಳಗಿನ ಉಷ್ಣಾಂಶ ಕೋಣೆಗಿಂತ ಕೆಲವು ಡಿಗ್ರಿ ಹೆಚ್ಚಿರುತ್ತದೆ ಎಂಬುದನ್ನೂ ಆಗ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದ್ದವರು ಕಡಿಮೆ. ಈಗ ಪ್ರತ್ಯೇಕವಾಗಿ ಸಿಗುವ 11 ಗ್ರಾಂ ಪೊಟ್ಟಣದ ಒಣ ಯೀಸ್ಟ್, 18ರಿಂದ 20 ಡಿಗ್ರಿಯ ತಂಪು ಮೂಲೆ, ಇವೆರಡೇ ಸಾಕಷ್ಟು ವ್ಯತ್ಯಾಸ ತರುತ್ತವೆ.

ನೀರಿನ ಕ್ಲೋರಿನ್ ಇನ್ನೊಂದು ಕಾರಣ. ನಲ್ಲಿ ನೀರಿನಲ್ಲಿರುವ ಅಥವಾ ಪಾತ್ರೆ ತೊಳೆದ ಬ್ಲೀಚಿನಿಂದ ಉಳಿದ ಕ್ಲೋರಿನ್, ಬಿಯರಿನ ಫೀನಾಲ್‌ಗಳೊಡನೆ ಸೇರಿ ಕ್ಲೋರೋಫೀನಾಲ್ ಆಗುತ್ತದೆ. ಅತ್ಯಲ್ಪ ಪ್ರಮಾಣದಲ್ಲಿಯೂ ಅದು ಆಸ್ಪತ್ರೆಯ ಕ್ರಿಮಿನಾಶಕದ ವಾಸನೆ ಬೀರುತ್ತದೆ. 23 ಲೀಟರ್ ನೀರಿಗೆ ಅರ್ಧ ಕ್ಯಾಂಪ್ಡನ್ ಮಾತ್ರೆ (ಮೆಟಾಬೈಸಲ್ಫೈಟ್) ಹಾಕಿದರೆ ಈ ತೊಂದರೆ ನೀಗುತ್ತದೆ. ಪಾತ್ರೆಗಳಿಗೆ ಬ್ಲೀಚಿನ ಬದಲು ಮತ್ತೆ ತೊಳೆಯಬೇಕಿಲ್ಲದ ಫಾಸ್ಫಾರಿಕ್ ಆಮ್ಲದ ದ್ರಾವಣ ಬಳಕೆಗೆ ಬಂದಿದೆ.

ಇಷ್ಟಾದರೂ ಕಿಟ್‌ನಲ್ಲಿ ಒಂದು ಕೊರತೆ ಉಳಿಯುತ್ತದೆ. ಹಾಪ್ಸ್‌ನ ಕಹಿ ಇಂಗಿಸುವಿಕೆಯನ್ನು ತಾಳಿಕೊಳ್ಳುತ್ತದೆ, ಆದರೆ ಸುವಾಸನೆಯ ತೈಲಗಳು ಆವಿಯಾಗಿ ಹೋಗುತ್ತವೆ. ಹುದುಗುವಿಕೆ ಮುಗಿಯುವ ಹೊತ್ತಿಗೆ 25ರಿಂದ 50 ಗ್ರಾಂ ಹಾಪ್ಸನ್ನು ನೇರವಾಗಿ ಬಕೆಟ್ಟಿಗೆ ಹಾಕಿ ಮೂರು ನಾಲ್ಕು ದಿನ ಬಿಡುವುದು ಇದಕ್ಕೆ ಪರಿಹಾರ.

ಹವ್ಯಾಸಕ್ಕೆ ಮರಳುವಾಗ

ಅಟ್ಟದ ಮೇಲಿನ ಹಳೆಯ ಸಲಕರಣೆಗಳಲ್ಲಿ ಗಾಜಿನ ವಸ್ತುಗಳು ಸಾಮಾನ್ಯವಾಗಿ ಮತ್ತೆ ಬಳಕೆಗೆ ಬರುತ್ತವೆ. ಹೈಡ್ರೋಮೀಟರನ್ನು ಅದರ ಮೇಲೆ ಬರೆದಿರುವ ಉಷ್ಣಾಂಶದ ಶುದ್ಧ ನೀರಿನಲ್ಲಿ ತೇಲಿಬಿಟ್ಟು 1.000 ತೋರಿಸುತ್ತದೆಯೇ ಎಂದು ನೋಡಿದರೆ ಸಾಕು. ಪ್ಲಾಸ್ಟಿಕ್ ಬಕೆಟ್ ಮತ್ತು ಕೊಳವೆಗಳ ವಿಷಯ ಬೇರೆ. ಅವುಗಳ ಒಳಮೈಯ ಗೀರುಗಳಲ್ಲಿ ಬಿಯರನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ಯಾವ ದ್ರಾವಣಕ್ಕೂ ಸಿಗದೆ ಉಳಿಯಬಲ್ಲವು. ಅವನ್ನು ಎಸೆದು ಹೊಸದನ್ನು ಕೊಳ್ಳುವುದೇ ಲೇಸು. ಗಿಣ್ಣಿನಂತೆ ನಾರುವ ಹಳೆಯ ಹಾಪ್ಸ್, ಅವಧಿ ಮೀರಿದ ಯೀಸ್ಟ್, ಉಬ್ಬಿದ ಡಬ್ಬಿ ಇವಾವುದನ್ನೂ ಬಳಸಬಾರದು.

ಸುರಕ್ಷತೆ

ಮನೆ ಬಿಯರಿನ ನಿಜವಾದ ಅಪಾಯವೆಂದರೆ ಸೀಸೆ ಸಿಡಿಯುವುದು. ಹುದುಗುವಿಕೆ ಮುಗಿಯುವ ಮೊದಲೇ ತುಂಬಿಸಿದರೆ, ಅಥವಾ ಕೊನೆಯ ಸಕ್ಕರೆ ಹೆಚ್ಚಾದರೆ, ಮುಚ್ಚಿದ ಸೀಸೆಯಲ್ಲಿ ಒತ್ತಡ ಏರಿ ಗಾಜು ಚೂರುಚೂರಾಗಿ ಹಾರುತ್ತದೆ. ಗುಳ್ಳೆ ನಿಂತಿತೆಂಬುದು ಹುದುಗುವಿಕೆ ಮುಗಿದದ್ದಕ್ಕೆ ಸಾಕ್ಷಿಯಲ್ಲ. ಸಾಂದ್ರತೆ ಎರಡು ಮೂರು ದಿನ ಬದಲಾಗದೆ ನಿಂತರೆ ಮಾತ್ರ ತುಂಬಿಸಬೇಕು. ಅನಿಲರಹಿತ ಪಾನೀಯಗಳ ತೆಳು ಸೀಸೆಗಳನ್ನು ಇದಕ್ಕೆ ಬಳಸಬಾರದು. ಸೋಡಾ ಪಾನೀಯದ ಪ್ಲಾಸ್ಟಿಕ್ ಬಾಟಲಿ ಹೆಚ್ಚು ಸುರಕ್ಷಿತ. ಕೈಯಿಂದ ಒತ್ತಿದರೆ ಒಳಗಿನ ಒತ್ತಡವೂ ತಿಳಿಯುತ್ತದೆ.

ಕಳ್ಳಭಟ್ಟಿಯಲ್ಲಿ ಕೇಳಿಬರುವ ಮೆಥನಾಲ್ ವಿಷದ ಭಯ ಬಿಯರಿಗೆ ಅನ್ವಯಿಸುವುದಿಲ್ಲ. ಮಾಲ್ಟ್ ಹುದುಗಿದಾಗ ಅಪಾಯಕಾರಿ ಪ್ರಮಾಣದಲ್ಲಿ ಮೆಥನಾಲ್ ಉಂಟಾಗುವುದಿಲ್ಲ. ಭಟ್ಟಿ ಇಳಿಸುವುದು ಬೇರೆಯೇ ಕ್ರಿಯೆ. ಮನೆ ಬಿಯರಿಗೆ ಅನುಮತಿಯಿರುವ ಬ್ರಿಟನ್ ಮತ್ತು ಅಮೆರಿಕಗಳಲ್ಲಿಯೂ ಮನೆಯಲ್ಲಿ ಪರವಾನಗಿಯಿಲ್ಲದೆ ಮದ್ಯ ಭಟ್ಟಿ ಇಳಿಸುವಂತಿಲ್ಲ.

ಭಾರತದಲ್ಲಿ

ಭಾರತದ ಸಂವಿಧಾನದ ಏಳನೆಯ ಅನುಸೂಚಿಯಂತೆ ಮದ್ಯದ ತಯಾರಿಕೆ ಮತ್ತು ಮಾರಾಟ ರಾಜ್ಯಗಳ ಅಧಿಕಾರಕ್ಕೆ ಸೇರಿದ ವಿಷಯ. ಕರ್ನಾಟಕ ಅಬಕಾರಿ ಅಧಿನಿಯಮ, 1965ರ ಪ್ರಕಾರ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದು ಅಪರಾಧ. ಬೆಂಗಳೂರಿನಲ್ಲಿ ತಾವೇ ತಯಾರಿಸಿದ ಬಿಯರನ್ನು ಬಡಿಸುವ ಕಿರು ಬ್ರೂವರಿಗಳು ಪರವಾನಗಿ ಪಡೆದ ವಾಣಿಜ್ಯ ಘಟಕಗಳು. ಮಾಲ್ಟ್ ಸಾರವು ಆಹಾರ ಪದಾರ್ಥವಾಗಿ ಮುಕ್ತವಾಗಿ ಸಿಗುತ್ತದೆಯಾದರೂ ಅದನ್ನು ಮನೆಯಲ್ಲಿ ಹುದುಗಿಸಿ ಬಿಯರ್ ಮಾಡುವುದಕ್ಕೆ ಈ ಕಾನೂನಿನ ನಿರ್ಬಂಧ ಅನ್ವಯಿಸುತ್ತದೆ.