ಮೂರು ಮನೆ, ಒಂದು ಹಿತ್ತಿಲು: ಅಮೆರಿಕದ ಕಿರುತೆರೆಯಲ್ಲಿ ಮಾರ್ಮನ್ನರು

ಮಾರ್ಮನ್ನರ ವಿಷಯದಲ್ಲಿ ಅಮೆರಿಕದ ಕಿರುತೆರೆಗೆ ಮೊದಲಿನಿಂದಲೂ ಇರುವುದು ಒಂದೇ ಕುತೂಹಲ: ಆ ಮನೆಯೊಳಗೆ ಸಂಸಾರ ಹೇಗೆ ನಡೆಯುತ್ತಿದೆ? ಕಳೆದ ಐವತ್ತು ವರ್ಷಗಳ ಕಾರ್ಯಕ್ರಮಗಳನ್ನು ಒಟ್ಟಿಗಿಟ್ಟು ನೋಡಿದರೆ ಧಾಟಿಯೇನೋ ಹಲವು ಸಲ ಬದಲಾಗಿದೆ. ಒಮ್ಮೆ ಮುದ್ದು, ಒಮ್ಮೆ ಗೇಲಿ, ಒಮ್ಮೆ ಅನುಕಂಪ, ಈಚೆಗೆ ಹಗರಣ. ಇದನ್ನು ಪೂರ್ವಗ್ರಹದಿಂದ ತಿಳಿವಳಿಕೆಯ ಕಡೆಗೆ ಬಂದ ದಾರಿಯೆಂದು ಕೆಲವರು ವಿವರಿಸುತ್ತಾರೆ, ಭಕ್ತರನ್ನು ಹೀಗಳೆಯುವ ಚಟ ಹೆಚ್ಚುತ್ತಿದೆಯೆಂದು ಇನ್ನು ಕೆಲವರು ದೂರುತ್ತಾರೆ. ಎರಡೂ ನನಗೆ ಒಪ್ಪಿಗೆಯಿಲ್ಲ. ಧಾಟಿ ಎಷ್ಟು ಬದಲಾದರೂ ಕ್ಯಾಮೆರಾ ನಿಂತ ಜಾಗ ಬದಲಾಗಿಲ್ಲ, ಅದು ಮಲಗುವ ಕೋಣೆಯ ಬಾಗಿಲು ಬಿಟ್ಟು ಕದಲಿದ್ದು ಕಡಿಮೆ. ಹಾಗಾಗಿ ಈ ಸಮುದಾಯದಲ್ಲಿ ಮೆಚ್ಚಬೇಕಾದದ್ದೂ ತಪ್ಪಿಹೋಗಿದೆ, ಗಟ್ಟಿಯಾಗಿ ಪ್ರಶ್ನಿಸಬೇಕಾದದ್ದೂ ತಪ್ಪಿಹೋಗಿದೆ.

ಈ ಕುತೂಹಲವನ್ನು ಹುಟ್ಟಿಸಿದ್ದು ಟಿವಿಯಲ್ಲ, ಅದಕ್ಕಿದು ಬಳುವಳಿಯಾಗಿ ಬಂದದ್ದು. ‘ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಉದ್ದ ಹೆಸರಿನ ಈ ಪಂಥ 1830ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಶುರುವಾಯಿತು. ಸ್ಥಾಪಕ ಜೋಸೆಫ್ ಸ್ಮಿತ್ 1844ರಲ್ಲಿ ಇಲಿನಾಯ್‌ನ ಜೈಲೊಂದರಲ್ಲಿದ್ದಾಗ ದೊಂಬಿಯವರ ಗುಂಡಿಗೆ ಬಲಿಯಾದರು. ಮೂರು ವರ್ಷದ ಮೇಲೆ ಬ್ರಿಗಮ್ ಯಂಗ್ ಅನುಯಾಯಿಗಳನ್ನು ಕರೆದುಕೊಂಡು ಸಾಲ್ಟ್ ಲೇಕ್ ಕಣಿವೆಗೆ ಬಂದು ನೆಲೆನಿಂತರು. 1852ರಲ್ಲಿ ಬಹುಪತ್ನಿತ್ವವನ್ನು ಬಹಿರಂಗವಾಗಿ ಸಾರಿದ ಚರ್ಚ್, ಸರ್ಕಾರದ ಒತ್ತಡಕ್ಕೆ ಮಣಿದು 1890ರಲ್ಲಿ ಅದನ್ನು ಕೈಬಿಟ್ಟಿತು. ನಡುವಿನ ಆ ನಾಲ್ಕು ದಶಕಗಳು ಸಾಹಿತ್ಯಕ್ಕೆ ಸುಗ್ಗಿ. ಮಾರ್ಕ್ ಟ್ವೇನ್ ನಗೆಯಾಡಿದರು. ಕಾನನ್ ಡಾಯ್ಲ್ 1887ರ ಮೊದಲ ಶೆರ್ಲಾಕ್ ಹೋಮ್ಸ್ ಕಾದಂಬರಿಯಲ್ಲೇ ಹೆಣ್ಣುಮಗಳೊಬ್ಬಳನ್ನು ಬಲವಂತದ ಮದುವೆಗೆ ನೂಕುವ ಯೂಟಾವನ್ನು ಕಟ್ಟಿಕೊಟ್ಟರು. ಇಂಥ ಬರಹಗಳನ್ನು ಅಧ್ಯಯನ ಮಾಡಿದ ಟೆರಿಲ್ ಗಿವೆನ್ಸ್, ಪಕ್ಕದ ಮನೆಯ ಬಿಳಿಯ ಕ್ರೈಸ್ತರನ್ನೇ ಬೇರೆ ಜನಾಂಗವೆಂಬಂತೆ ಚಿತ್ರಿಸಿದ್ದನ್ನು 1997ರ ತಮ್ಮ ಪುಸ್ತಕದಲ್ಲಿ ತೋರಿಸಿದ್ದಾರೆ. ಟಿವಿ ಬರುವ ಹೊತ್ತಿಗೆ ಅಡಿಗೆ ಬೆಂದಿತ್ತು, ಬಡಿಸುವುದಷ್ಟೇ ಬಾಕಿ.

ಮೊದಮೊದಲು ಬಡಿಸಿದವರು ಮಾತ್ರ ಚರ್ಚಿನ ಕಡೆಯವರೇ. 1976ರಿಂದ 1979ರವರೆಗೆ ಎಬಿಸಿ ವಾಹಿನಿಯಲ್ಲಿ ಬಂದ ‘ಡಾನಿ ಅಂಡ್ ಮರೀ’ ಹಾಡು-ನಗೆಯ ಕಾರ್ಯಕ್ರಮದ ಆಸ್ಮಂಡ್ ಅಣ್ಣ-ತಂಗಿಯರು ಅಚ್ಚುಕಟ್ಟಾದ, ಹಲ್ಲು ಹೊಳೆಯುವ, ಒಬ್ಬರ ಮೇಲೊಬ್ಬರಿಗೆ ಜೀವವಿರುವ ಕುಟುಂಬದ ಜಾಹೀರಾತಿನಂತಿದ್ದರು. ಆ ಕಾಲಕ್ಕೇ ಚರ್ಚ್ ಕೂಡ ‘ಹೋಮ್‌ಫ್ರಂಟ್’ ಎಂಬ ಕಿರು ಜಾಹೀರಾತುಗಳನ್ನು ಪ್ರಸಾರ ಮಾಡಿಸುತ್ತಿತ್ತು. ಅವುಗಳಲ್ಲಿ ದೇವರ ಮಾತು ಕಡಿಮೆ, ಮಕ್ಕಳೊಂದಿಗೆ ಸಮಯ ಕಳೆಯಿರಿ ಎಂಬ ಹಿತವಚನ ಹೆಚ್ಚು. ಮೂವರು ಹೆಂಡಿರ ಮನೆಯೆಂಬ ಹಳೆಯ ಅಪಖ್ಯಾತಿಯನ್ನು ತೊಳೆಯಲು ಮಾದರಿ ಸಂಸಾರದ ಚಿತ್ರ ತಂದು ನಿಲ್ಲಿಸಿದ ತಂತ್ರವಿದು, ಚೆನ್ನಾಗಿಯೇ ಫಲಿಸಿತು. ಆದರೆ ಆ ಹೆಸರಿನ ಜೊತೆ ಮತ್ತೆ ಗಂಟು ಬಿದ್ದದ್ದು ಮನೆಯೇ. ಮಾದರಿ ಮನೆಯಲ್ಲಿ ಬಿರುಕೆಲ್ಲಿದೆ ಎಂದು ಹುಡುಕುವ ಆಸೆ ಪ್ರೇಕ್ಷಕರಿಗೆ ಬರುವುದು ಸಹಜ. ಮುಂದಿನ ಧಾರಾವಾಹಿಗಳು ಬದುಕಿದ್ದು ಆ ಆಸೆಯ ಮೇಲೆ.

ಈ ಚೌಕಟ್ಟಿನಿಂದ ಆಚೆ ಹೋದದ್ದು ವೈಜ್ಞಾನಿಕ ಕಥಾನಕಗಳು ಎಂಬುದು ತಮಾಷೆಯ ಸಂಗತಿ. 1978ರ ‘ಬ್ಯಾಟಲ್‌ಸ್ಟಾರ್ ಗ್ಯಾಲಕ್ಟಿಕಾ’ವನ್ನು ಕಟ್ಟಿದ ಗ್ಲೆನ್ ಲಾರ್ಸನ್ ಮಾರ್ಮನ್. ಅವರ ಕಥೆಯ ಮೂಲಗ್ರಹ ‘ಕೋಬಾಲ್’, ಮಾರ್ಮನ್ ಧರ್ಮಗ್ರಂಥದಲ್ಲಿ ದೇವರ ಸನ್ನಿಧಿಗೆ ಹತ್ತಿರವಿರುವ ‘ಕೋಲಾಬ್’ ನಕ್ಷತ್ರದ ಅಕ್ಷರಪಲ್ಲಟ. ಆಡಳಿತಕ್ಕೆ ಹನ್ನೆರಡು ಮಂದಿಯ ಪರಿಷತ್ತು. ನೆಲೆ ಕಳೆದುಕೊಂಡ ಜನ ಹೊಸ ನೆಲ ಹುಡುಕುತ್ತಾ ಹೊರಡುವ ಕಥೆಯಂತೂ 1847ರ ವಲಸೆಯ ಪಡಿಯಚ್ಚು. 2015ರಲ್ಲಿ ಶುರುವಾದ ‘ದಿ ಎಕ್ಸ್‌ಪ್ಯಾನ್ಸ್’ನಲ್ಲಿ ಮಾರ್ಮನ್ನರು ತಲೆತಲಾಂತರ ಪಯಣಿಸಲೆಂದು ಕಟ್ಟಿಸುವ ದೈತ್ಯ ನೌಕೆಯ ಹೆಸರು ‘ನಾವೂ’, ಇಲಿನಾಯ್‌ನಲ್ಲಿ ಅವರು ಕಟ್ಟಿ ಬಿಟ್ಟುಹೋದ ಊರಿನದು. ಯಾರು ಯಾರ ಹೆಂಡತಿ ಎಂಬ ಪ್ರಶ್ನೆ ಬಿಟ್ಟಾಗ ಈ ಜನರಲ್ಲಿ ಎಷ್ಟು ಕಥೆಯಿದೆ ಎಂಬುದಕ್ಕೆ ಇವೆರಡೇ ಸಾಕ್ಷಿ ಸಾಕು.

2003ರ ಕೊನೆಯಲ್ಲಿ ಎರಡು ಬೇರೆ ಬೇರೆ ದಿಕ್ಕಿನಿಂದ ಹೊಡೆತ ಬಿತ್ತು. ‘ಸೌತ್ ಪಾರ್ಕ್’ ವ್ಯಂಗ್ಯಚಿತ್ರಮಾಲೆಯ ಒಂದು ಕಂತು ಜೋಸೆಫ್ ಸ್ಮಿತ್‌ಗೆ ಚಿನ್ನದ ಫಲಕಗಳು ಸಿಕ್ಕ ಕಥೆಯನ್ನು ಹಾಡಿನಲ್ಲಿ ಗೇಲಿ ಮಾಡಿತು. ಆದರೆ ಊರಿಗೆ ಹೊಸದಾಗಿ ಬಂದ ಮಾರ್ಮನ್ ಹುಡುಗ ಕೊನೆಗೆ ಗೇಲಿ ಮಾಡಿದವರಿಗೇ ತಿರುಗಿಸಿ ಹೇಳುತ್ತಾನೆ: ಕಥೆ ಕಟ್ಟುಕಥೆಯೇ ಇರಬಹುದು, ನಮ್ಮ ಮನೆಯಲ್ಲಂತೂ ಎಲ್ಲರೂ ಸುಖವಾಗಿದ್ದೇವೆ. ನಂಬಿಕೆಗೆ ನಗೆ, ಮನೆಗೆ ಮೆಚ್ಚುಗೆ. ಇದೇ ಲೆಕ್ಕಾಚಾರ 2011ರಲ್ಲಿ ‘ಸೌತ್ ಪಾರ್ಕ್’ ಕಟ್ಟಿದ ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಜೋಡಿಯ, ಚರ್ಚಿನ ಧರ್ಮಗ್ರಂಥವೊಂದರ ಹೆಸರನ್ನೇ ಹೊತ್ತ ‘ದಿ ಬುಕ್ ಆಫ್ ಮಾರ್ಮನ್’ ಸಂಗೀತ ನಾಟಕವಾಗಿ ಬ್ರಾಡ್‌ವೇಗೆ ಏರಿತು. ಚರ್ಚ್ ಪ್ರತಿಭಟಿಸಲಿಲ್ಲ. ನಾಟಕ ನೋಡಿದಿರಲ್ಲ, ಇನ್ನು ಪುಸ್ತಕ ಓದಿ ಎಂಬ ಅರ್ಥದ ಜಾಹೀರಾತನ್ನು ನಾಟಕದ ಕೈಪಿಡಿಯಲ್ಲೇ ಹಾಕಿಸಿತು. 2003ರ ಇನ್ನೊಂದು ಕೃತಿ ಎಚ್‌ಬಿಓದ ‘ಏಂಜಲ್ಸ್ ಇನ್ ಅಮೆರಿಕ’. ಸಲಿಂಗಾಸಕ್ತಿಯನ್ನು ಮುಚ್ಚಿಟ್ಟುಕೊಂಡು ನವೆಯುವ ಮಾರ್ಮನ್ ವಕೀಲ, ಮಾತ್ರೆಗಳಿಗೆ ದಾಸಿಯಾದ ಅವನ ಹೆಂಡತಿ, ಮಗನ ಸುದ್ದಿ ಕೇಳಿ ಯೂಟಾದಿಂದ ಓಡಿಬರುವ ತಾಯಿ. ಆ ತಾಯಿಯ ಪಾತ್ರದಲ್ಲಿ ಮೆರಿಲ್ ಸ್ಟ್ರೀಪ್ ತೋರಿಸಿದ ಒರಟು ಕರುಣೆ ನನ್ನ ಮಟ್ಟಿಗೆ ಈ ಇಡೀ ಪರಂಪರೆಯ ಅತ್ಯುತ್ತಮ ಅಭಿನಯ.

ಮನೆಯೊಳಗಿನ ಸಂಸಾರದ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡದ್ದು 2006ರಿಂದ 2011ರವರೆಗೆ ಐದು ಸರಣಿಗಳಲ್ಲಿ ಬಂದ ‘ಬಿಗ್ ಲವ್’. ಸಾಲ್ಟ್ ಲೇಕ್ ಪಕ್ಕದ ಬಡಾವಣೆಯಲ್ಲಿ ಬಿಲ್ ಹೆನ್ರಿಕ್ಸನ್‌ಗೆ ಮೂವರು ಹೆಂಡಿರು, ಒಂದರ ಪಕ್ಕ ಒಂದು ಮೂರು ಮನೆ, ಎಲ್ಲಕ್ಕೂ ಸೇರಿ ಒಂದೇ ಹಿತ್ತಿಲು. ಬೀದಿಯಿಂದ ನೋಡಿದವರಿಗೆ ಮೂರು ಬೇರೆ ಸಂಸಾರ, ಹಿತ್ತಿಲಿಗೆ ಬಂದರೆ ಒಂದೇ. ಯಾವ ರಾತ್ರಿ ಯಾವ ಮನೆ ಎಂಬುದಕ್ಕೆ ಸವತಿಯರೇ ಕೂತು ಪಟ್ಟಿ ಹಾಕುತ್ತಾರೆ, ಮನೆಯ ಖರ್ಚಿಗಾಗಿ ಜಗಳವಾಡುತ್ತಾರೆ, ಮಕ್ಕಳ ಕಾಯಿಲೆಗೆ ಒಬ್ಬರಿಗೊಬ್ಬರು ಆಗುತ್ತಾರೆ. ಪತ್ತೇದಾರಿ ಕಥೆಯ ಹೆದರಿಕೆಯನ್ನು ತೆಗೆದು ಹಾಲು-ದಿನಸಿಯ ಲೆಕ್ಕ ಇಟ್ಟದ್ದು ಈ ಧಾರಾವಾಹಿಯ ಜಾಣತನ. ಬಿಲ್ ಚರ್ಚಿನ ಸದಸ್ಯನಲ್ಲ, ಬಹುಪತ್ನಿತ್ವ ಪಾಲಿಸುವ ಪ್ರತ್ಯೇಕ ಪಂಗಡಗಳ ಕಡೆಯವನು. ಚರ್ಚ್ ಆ ಪದ್ಧತಿಯನ್ನು ಎಂದೋ ಬಿಟ್ಟಿದೆಯೆಂಬ ಸೂಚನೆಯೂ ಮೊದಲ ಕಂತಿನಲ್ಲಿತ್ತು. ಅಂಥ ಸೂಚನೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ, ಉಳಿಯುವುದು ಮೂರು ಮನೆಯೇ. 2009ರ ಮಾರ್ಚ್‌ನಲ್ಲಿ ಇನ್ನೂ ಚರ್ಚಿನ ಸದಸ್ಯೆಯಾಗಿದ್ದ ಹಿರಿಯ ಹೆಂಡತಿ ಬಾರ್ಬ್ ಅಲ್ಲಿಂದ ಬಹಿಷ್ಕೃತಳಾಗುವ ಭಯದಲ್ಲಿ ಟೆಂಪಲ್ ಒಳಗೆ ಹೋಗುವ ದೃಶ್ಯ ಬಂತು. ಬಿಳಿ ಉಡುಪು, ಹಸಿರು ಏಪ್ರನ್, ಸದಸ್ಯರಲ್ಲದವರು ಕಾಣಬಾರದ ದೀಕ್ಷಾವಿಧಿ. ವಾಹಿನಿ ನೊಂದವರ ಕ್ಷಮೆ ಕೇಳಿತು, ಆದರೆ ಕಂತನ್ನು ತಡೆಯಲಿಲ್ಲ. ಬಹಿಷ್ಕಾರದ ಕರೆ ಕೊಟ್ಟರೆ ಪ್ರಚಾರ ಸಿಗುವುದು ಅವರಿಗೇ ಎಂದು ಚರ್ಚ್ ಸುಮ್ಮನಾಯಿತು. ಗುಟ್ಟಿನ ವಿಧಿಯನ್ನು ತೆರೆಗೆ ತಂದದ್ದು ಸರಿಯೇ? ದೃಶ್ಯದಲ್ಲಿ ಕುಹಕವಿಲ್ಲ, ಬಾರ್ಬ್‌ಳ ಸಂಕಟ ನಿಜವಾಗಿದೆ ಎಂಬುದನ್ನು ಒಪ್ಪುತ್ತೇನೆ. ಆದರೂ ಅವಳ ನಷ್ಟ ಅರ್ಥವಾಗಲು ಅವಳ ಮುಖ ಸಾಕಿತ್ತು. ಆ ವಿವರಗಳು ಬಂದದ್ದು ನೋಡುವವರ ಚಪಲಕ್ಕೆ.

2010ರಲ್ಲಿ ಟಿಎಲ್‌ಸಿ ವಾಹಿನಿಯ ‘ಸಿಸ್ಟರ್ ವೈವ್ಸ್’ ಇದನ್ನೇ ರಿಯಾಲಿಟಿ ಶೋ ಮಾಡಿತು. ಕೋಡಿ ಬ್ರೌನ್ ಮತ್ತು ನಾಲ್ವರು ಪತ್ನಿಯರು ಕ್ಯಾಮೆರಾ ಮುಂದೆ ಬಂದರು, ತನಿಖೆ ಎದುರಿಸಿದರು, ಯೂಟಾದ ಕಾನೂನನ್ನೇ ಕೋರ್ಟಿನಲ್ಲಿ ಪ್ರಶ್ನಿಸಿದರು. 2013ರಲ್ಲಿ ಗೆದ್ದರು, 2016ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತೆಗೆದುಹಾಕಿತು. 2020ರಲ್ಲಿ ಯೂಟಾ ಶಾಸನಸಭೆ ವಯಸ್ಕರು ಒಪ್ಪಿ ನಡೆಸುವ ಬಹುಪತ್ನಿತ್ವವನ್ನು ಸಣ್ಣ ದಂಡದ ಅಪರಾಧಕ್ಕೆ ಇಳಿಸಿತು. ಈ ಶೋಗೆ ಪೂರ್ತಿ ವಿರುದ್ಧವಾದದ್ದು ಬಹುಪತ್ನಿತ್ವ ಪಾಲಿಸುವ ಮುಖಂಡ ವಾರನ್ ಜೆಫ್ಸ್‌ನ ಪಂಗಡದಲ್ಲಿ ಎಳೆಯ ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯವನ್ನು ಬಿಚ್ಚಿಟ್ಟ 2022ರ ನೆಟ್‌ಫ್ಲಿಕ್ಸ್ ಸಾಕ್ಷ್ಯಚಿತ್ರ. ಅದರಲ್ಲಿ ಚಪಲವಿಲ್ಲ, ಸಂತ್ರಸ್ತರ ಮಾತಿದೆ.

ಇಲ್ಲೊಂದು ಆಕ್ಷೇಪಣೆ ಏಳುತ್ತದೆ. ಬಹುಪತ್ನಿತ್ವ ಕಟ್ಟುಕಥೆಯಲ್ಲವಲ್ಲ? ಸ್ಮಿತ್ ಅವರಿಗೆ ಮೂವತ್ತರಿಂದ ನಲವತ್ತು ಪತ್ನಿಯರಿದ್ದಿರಬಹುದೆಂದು ಚರ್ಚ್ ತಾನೇ ಪ್ರಬಂಧ ಪ್ರಕಟಿಸಿ ಒಪ್ಪಿದ್ದು 2014ರಲ್ಲಿ. ಮುಚ್ಚಿಟ್ಟವರು ತೆರೆದವರನ್ನು ದೂರುವುದು ಹೇಗೆ? ನ್ಯಾಯವಾದ ಮಾತು. ಟಿವಿ ಸುಳ್ಳು ಹೇಳಿತೆಂಬುದು ನನ್ನ ದೂರಲ್ಲ. ಕಾರ್ಯಕ್ರಮ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಬಹುಪಾಲು ಸಮರ್ಥನೀಯವೇ. ಇವೆಲ್ಲ ಸೇರಿದಾಗ ಉಂಟಾಗುವ ಚಿತ್ರ ಓರೆಯಾದದ್ದು: ಚರ್ಚ್ ಬಿಟ್ಟ ಪದ್ಧತಿಯೇ ಆ ಧರ್ಮದ ಗುರುತಾಗಿ ನಿಂತುಬಿಟ್ಟಿದೆ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಬಲವಾದದ್ದು. ಈಗ ಕಥೆ ಹೇಳುತ್ತಿರುವವರು ಹೊರಗಿನವರಲ್ಲ, ಆ ಮನೆಗಳಲ್ಲೇ ಹುಟ್ಟಿ ಬೆಳೆದವರು, ಅವರಿಗೆ ಹಕ್ಕಿಲ್ಲವೇ ಎಂಬುದು. ಹಕ್ಕು ಖಂಡಿತ ಇದೆ. 2022ರ ‘ಅಂಡರ್ ದಿ ಬ್ಯಾನರ್ ಆಫ್ ಹೆವನ್’ ಸರಣಿಯನ್ನು ಬರೆದ ಡಸ್ಟಿನ್ ಲ್ಯಾನ್ಸ್ ಬ್ಲ್ಯಾಕ್ ಮಾರ್ಮನ್ ಮನೆಯಲ್ಲಿ ಬೆಳೆದವರು. 1984ರಲ್ಲಿ ಯೂಟಾದಲ್ಲಿ ಅಣ್ಣಂದಿರಿಬ್ಬರು ಕಿರಿಯ ತಮ್ಮನ ಹೆಂಡತಿಯನ್ನೂ ಕೂಸನ್ನೂ ಕೊಂದ ನಿಜ ಪ್ರಕರಣಕ್ಕೆ ಅವರು ಕಲ್ಪಿತ ಪೊಲೀಸ್ ಅಧಿಕಾರಿಯೊಬ್ಬನನ್ನು ಸೇರಿಸಿದರು. ಹೆಣ್ಣುಮಕ್ಕಳ ದೀಕ್ಷಾಸ್ನಾನಕ್ಕೆ ಸಿದ್ಧತೆ ನಡೆಸುತ್ತಾ, ಮರೆವಿನ ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತಾ, ತನಿಖೆ ಮುಂದುವರಿದಂತೆ ನಂಬಿಕೆ ಸಡಿಲವಾಗುವ ಆ ಪಾತ್ರ ಒಳಗಿನವರಿಗೆ ಮಾತ್ರ ಹೊಳೆಯುವಂಥದ್ದು. ಆದರೆ ಅವನ ಸಂದೇಹಕ್ಕೆ ದಾರಿಯಾದದ್ದು ಮತ್ತದೇ ಬಹುಪತ್ನಿತ್ವ. 2020ರ ‘ರಿಯಲ್ ಹೌಸ್‌ವೈವ್ಸ್ ಆಫ್ ಸಾಲ್ಟ್ ಲೇಕ್ ಸಿಟಿ’ಯಲ್ಲಿ ಮದ್ಯ ನಿಷಿದ್ಧವಾದ ಧರ್ಮದಲ್ಲೇ ಇದ್ದುಕೊಂಡು ಟಕೀಲಾ ಮಾರುವ ಮಹಿಳೆಯಿದ್ದಾಳೆ. ಅಂಥವಳ ಒಳಗಿನ ರಾಜಿಗಳು ಕೇಳುವಂಥವೇ, ಆದರೆ ಕಂತು ಕಂತಿಗೂ ಜಗಳವೇ ಬೇಕಾದ ಕಾರ್ಯಕ್ರಮಕ್ಕೆ ಅದನ್ನು ಕೇಳುವ ಪುರುಸೊತ್ತಿಲ್ಲ. ‘ಮಾರ್ಮನ್’ ಎಂದು ಕರೆಯಬೇಡಿರೆಂದು ಚರ್ಚಿನ ಅಧ್ಯಕ್ಷರು 2018ರಲ್ಲಿ ಕೇಳಿಕೊಂಡಿದ್ದರು. 2024ರಲ್ಲಿ ಹುಲು ತಂದ ಕಾರ್ಯಕ್ರಮದ ಹೆಸರೇ ‘ದಿ ಸೀಕ್ರೆಟ್ ಲೈವ್ಸ್ ಆಫ್ ಮಾರ್ಮನ್ ವೈವ್ಸ್’. ಟಿಕ್‌ಟಾಕ್ ತಾಯಂದಿರು, ಕೆನೆ-ಸಿರಪ್ ಬೆರೆಸಿದ ಸೋಡಾ ಲೋಟಗಳು, ದಾಂಪತ್ಯದ ಹಗರಣ. ಕಾಫಿ-ಟೀ ಕುಡಿಯದವರ ಊರಿನ ಆ ಸೋಡಾ ದೇಶವೆಲ್ಲ ಹೆಸರಾಯಿತು. ಹೇಳುವವರು ಒಳಗಿನವರಾದರೂ ಕೇಳುವ ಪ್ರಶ್ನೆ ವಾಹಿನಿಯದೇ.

ಬಲಾಢ್ಯ ಸಂಸ್ಥೆಯನ್ನು ಗೇಲಿ ಮಾಡಿದರೇನು ತಪ್ಪು ಎನ್ನುವವರೂ ಇದ್ದಾರೆ. ತಪ್ಪಿಲ್ಲ, ಇನ್ನೂ ಮಾಡಬೇಕು, ಆದರೆ ಬಲ ಇರುವ ಕಡೆ. ಸದಸ್ಯರು ವರಮಾನದ ಹತ್ತನೇ ಒಂದು ಭಾಗ ಕೊಡುವ ಈ ಚರ್ಚ್ ತನ್ನ ಹೂಡಿಕೆಯ ಗಾತ್ರವನ್ನು ಶೆಲ್ ಕಂಪನಿಗಳ ಹಿಂದೆ ಮರೆಮಾಡಿದ ಪ್ರಕರಣದಲ್ಲಿ, ಅದೂ ಅದರ ಹೂಡಿಕೆ ಸಂಸ್ಥೆಯೂ ಸೇರಿ 50 ಲಕ್ಷ ಡಾಲರ್ ದಂಡ ತೆತ್ತದ್ದು 2023ರಲ್ಲಿ. 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಲಿಂಗ ವಿವಾಹವನ್ನು ತಡೆಯುವ ಮತದಾನಕ್ಕೆ ಅದು ಜನ, ಹಣ ಎರಡನ್ನೂ ಹುರಿದುಂಬಿಸಿತ್ತು. ಸುದ್ದಿ, ಸಾಕ್ಷ್ಯಚಿತ್ರಗಳು ಇವನ್ನು ಕೈಗೆತ್ತಿಕೊಂಡಿವೆ, ಮನರಂಜನೆ ಮಾತ್ರ ಲೆಕ್ಕಪುಸ್ತಕದ ಕಡೆ ತಲೆಹಾಕುವುದು ಅಪರೂಪ. ಅಧಿಕಾರದ ಕಥೆಗೆ ಕೈಹಾಕಿದ ಅಪವಾದ 2025ರ ‘ಅಮೆರಿಕನ್ ಪ್ರೈಮಿವಲ್’. 1857ರಲ್ಲಿ ಮೌಂಟನ್ ಮೆಡೋಸ್‌ನಲ್ಲಿ ಮಾರ್ಮನ್ ಸೈನಿಕದಳ ಸುಮಾರು 120 ವಲಸಿಗರನ್ನು ಕೊಂದ ಘಟನೆ ಅದರ ಬೀಜ. ಆದರೆ ಅದು ಬ್ರಿಗಮ್ ಯಂಗ್‌ರನ್ನು ಸಲೀಸಾದ ಖಳನಾಯಕನನ್ನಾಗಿ ಮಾಡಿತು. ವಲಸಿಗರನ್ನು ಹೋಗಲು ಬಿಡಿ ಎಂಬ ಅವರ ಪತ್ರ ಹತ್ಯೆ ಮುಗಿದ ಮೇಲೆ ತಲುಪಿತು ಎಂಬ ತೊಡಕು, ಅದಕ್ಕೆ ಮುಂಚೆ ಅವರೇ ಆಡಿದ್ದ ಯುದ್ಧೋನ್ಮಾದದ ಮಾತುಗಳ ಹೊಣೆ, ಇವೆರಡನ್ನೂ ಒಟ್ಟಿಗೆ ತೂಗಬಲ್ಲ ನಾಟಕ ಇನ್ನೂ ಬರಬೇಕು.

ಸಾಮಾನ್ಯ ಮಾರ್ಮನ್ನರು ಟಿವಿಯಲ್ಲಿ ಇಲ್ಲವೇ ಎಂದರೆ ಬೇಕಾದಷ್ಟು ಇದ್ದಾರೆ. 2004ರಲ್ಲಿ ‘ಜೆಪರ್ಡಿ’ ರಸಪ್ರಶ್ನೆಯಲ್ಲಿ ಸತತ 74 ಆಟ ಗೆದ್ದ ಕೆನ್ ಜೆನಿಂಗ್ಸ್ ಮಾರ್ಮನ್. ಅವರನ್ನು ಜನ ನೋಡಿದ್ದು ಬುದ್ಧಿವಂತ ಸ್ಪರ್ಧಿಯೆಂದು. ಸಾಮಾನ್ಯರಾಗಿದ್ದಾಗ ಅವರ ಧರ್ಮ ಕಣ್ಣಿಗೆ ಬೀಳುವುದಿಲ್ಲ, ಕಣ್ಣಿಗೆ ಬಿದ್ದಾಗ ಅವರು ಸಾಮಾನ್ಯರಾಗಿ ಉಳಿಯುವುದಿಲ್ಲ. ಸಂಬಳವಿಲ್ಲದೆ ವರ್ಷಗಟ್ಟಲೆ ಬಿಷಪ್ ಕೆಲಸ ಮಾಡುವ ದಂತವೈದ್ಯ ಅಥವಾ ಗುಮಾಸ್ತ, ಕಾಯಿಲೆ ಬಿದ್ದವರ ಮನೆಗೆ ಸರದಿಯಲ್ಲಿ ಊಟ ಒಯ್ಯುವ ನೆರೆಯವರು: ಆ ಧರ್ಮದ ದಿನನಿತ್ಯದ ಜೀವಾಳ ಇಂಥದ್ದರಲ್ಲಿದೆ, ತೆರೆಯಲ್ಲಿ ಅದು ಹಿನ್ನೆಲೆಯ ಪರದೆ ಮಾತ್ರ. 2007ರಲ್ಲಿ ‘ಹೌಸ್’ ಧಾರಾವಾಹಿಗೆ ಕಪ್ಪುವರ್ಣದ ಮಾರ್ಮನ್ ವೈದ್ಯನೊಬ್ಬ ಬಂದ. 1978ರವರೆಗೆ ಕಪ್ಪುಜನರಿಗೆ ಪೌರೋಹಿತ್ಯವನ್ನೇ ನಿರಾಕರಿಸಿದ್ದ ಚರ್ಚಿನಲ್ಲಿ ಅಂಥವನು ಏಕೆ ಉಳಿದಾನು ಎಂಬುದೇ ಒಂದು ಸರಣಿಗೆ ಸಾಕಾಗುವ ಪ್ರಶ್ನೆ. ಆದರೆ ಕಥಾನಾಯಕ ಡಾಕ್ಟರ್ ಹೌಸ್ ಅವನಿಗಿಟ್ಟ ಅಡ್ಡಹೆಸರು ‘ಬಿಗ್ ಲವ್’. ತೆರೆಗೆ ಕಾಣದ ಇನ್ನೊಂದು ಸಂಗತಿಯಿದೆ: ಇಂದು ಚರ್ಚಿನ ಅರ್ಧಕ್ಕೂ ಹೆಚ್ಚು ಸದಸ್ಯರು ಅಮೆರಿಕದ ಹೊರಗಿದ್ದಾರೆ. ಭಾರತದ ಮೊದಲ ಟೆಂಪಲ್‌ಗೆ ಬೆಂಗಳೂರನ್ನು ಆರಿಸಿರುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಯೂಟಾದ ಹೆಂಡಿರ ಕಥೆ ಇಲ್ಲಿಯವರಿಗೂ ಫೋನಿನಲ್ಲೇ ಸಿಗುತ್ತದೆ. ಬೆಂಗಳೂರಿನಲ್ಲಿ ಆ ಧರ್ಮಕ್ಕೆ ಸೇರಿ, ಮನೆಯಲ್ಲಿ ಫಿಲ್ಟರ್ ಕಾಫಿ ಬೇಡವೆನ್ನುವ ಹುಡುಗನ ಕಥೆ ಮೇಲೆ ಹೆಸರಿಸಿದ ಯಾವ ಕಾರ್ಯಕ್ರಮದಲ್ಲೂ ಇಲ್ಲ.